ಕಂಬಳಿಯ ಮೇಲೆ ಆಡಿದ ಮಾತು

ಅತ್ತೆಯ ಕಿವಿಹಾಲೆಗಳು ಜೋತುಬಿದ್ದು ಹೆಚ್ಚುಕಡಿಮೆ ಭುಜ ಮುಟ್ಟುತ್ತಿದ್ದವು. ಚಿಕ್ಕಂದಿನಲ್ಲಿ ಭಾರದ ಓಲೆ ಹಾಕಿ ಹಿಗ್ಗಿಸಿದ ತೂತುಗಳು. ಓಲೆ ಯಾವತ್ತೋ ಹೋಗಿತ್ತು, ತೂತು ಮಾತ್ರ ಉಳಿದಿತ್ತು. ಬಸ್ಸು ಹತ್ತಿದ ಕೂಡಲೇ ಟಿಕೇಟನ್ನು ಬೀಡಿಯ ಹಾಗೆ ಸುರುಳಿ ಸುತ್ತಿ ಆ ತೂತಿಗೆ ಸಿಕ್ಕಿಸಿಕೊಳ್ಳುವಳು. ಚೆಕಿಂಗಿನವರು ಬಂದು ಟಿಕೇಟು ಕೇಳಿದರೆ ಮಾತಿಲ್ಲದೆ ಕತ್ತು ತಿರುಗಿಸಿ ಕಿವಿ ತೋರಿಸುವಳು. ಒಮ್ಮೆ ಪಾಲಕೋಡಿನಲ್ಲಿ ಕಂಡಕ್ಟರೊಬ್ಬ ಅವಳ ಕಂಕುಳಲ್ಲಿದ್ದ ಕುರಿಮರಿ ನೋಡಿ, ಇದನ್ನೆಲ್ಲ ಹತ್ತಿಸಬಾರದು ಎಂದು ತಮಿಳಿನಲ್ಲಿ ರೇಗಿದನಂತೆ. "ಅದಕ್ಕೂ ಒಂದು ಟಿಕೇಟ್ ಕೊಡಪ್ಪಾ," ಅಂದಳಂತೆ ಅತ್ತೆ, "ಅದ್ರ ಕಿವೀಗೂ ಸಿಕ್ಕಿಸ್ತೀನಿ." ಬಸ್ಸೆಲ್ಲ ನಕ್ಕಿತು. ಮರಿ ಸುಖವಾಗಿ ಊರು ಸೇರಿತು.

ಅವಳು ನಮ್ಮಪ್ಪನ ಅಕ್ಕ. ಅಪ್ಪನ ಕೆಳಗೆ ಇನ್ನೊಬ್ಬ ತಮ್ಮ, ನನ್ನ ಚಿಕ್ಕಪ್ಪ. ಅತ್ತೆ ಮದುವೆಯಾಗಿ ಹೋದ ಮನೆಯಲ್ಲಿ ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ, ತವರಿಗೆ ಬಂದಳು. ಧರ್ಮಪುರಿ ಕಡೆಯ ಪಾಲಕೋಡಿನಾಚೆಯ ಒಣನೆಲದಲ್ಲಿ ನಮ್ಮ ತಾತನ ಕುರಿಹಟ್ಟಿ. ಬಂದವಳು ಕೈಗೆ ಕೋಲು ತೆಗೆದುಕೊಂಡಳು. ತಾತನ ಕುರಿಗಳನ್ನು ಅವಳೇ ಸಾಕಿದಳು, ಕೊನೆಗೆ ತಾತನನ್ನೂ ಅವಳೇ ಸಾಕಿದಳು. ಹಾಸಿಗೆ ಹಿಡಿದ ಮುದುಕನಿಗೆ ಗಂಜಿ ಕುಡಿಸಿ ಬಾಯಿ ಒರೆಸಿದ್ದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿದ್ದು ಅವಳೊಬ್ಬಳೇ. ಈ ಮಾತನ್ನು ನಾನು ಮುಂದೆ ಎಷ್ಟು ಕಡೆ ಹೇಳಬೇಕಾಯಿತೆಂದರೆ, ಹೇಳಿ ಹೇಳಿ ಅದು ಯಾರದೋ ವಿಷಯದ ಹಾಗೆ ಕೇಳಿಸತೊಡಗಿತು.

ಅಪ್ಪನಿಗೆ ಸೇಲಂನಲ್ಲಿ ಉಕ್ಕಿನ ಕಾರ್ಖಾನೆಯ ಕೆಲಸ. ನನ್ನನ್ನು ಏರ್ಕಾಡಿನ ಕಾನ್ವೆಂಟಿನಲ್ಲಿ ಬಿಟ್ಟರು. ಅಮ್ಮನಿಗೆ ಘಾಟಿ ಬಸ್ಸೆಂದರೆ ಭಯ, ಹಾಗಾಗಿ ನನ್ನನ್ನು ನೋಡಲು ಬರುತ್ತಿದ್ದದ್ದು ಅತ್ತೆ. ಅವಳಿಗೂ ಆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತಿತ್ತು. ವಾಂತಿಯ ವಾಸನೆ ಹೊತ್ತು ಮಗುವಿನ ಸ್ಕೂಲಿಗೆ ಹೋಗಬಾರದೆಂದು ಊರು ಸಿಗುವ ಮೊದಲೇ ಇಳಿದು, ತೊರೆಯಲ್ಲಿ ಮುಖ ತೊಳೆದು, ಕಾಫಿ ತೋಟದ ಬದಿಯಲ್ಲಿ ನಡೆದುಕೊಂಡು ಬರುವಳು. ಬರಿಗಾಲು, ಹೆಗಲ ಮೇಲೆ ಕರಿ ಕಂಬಳಿ, ಮಡಿಲಲ್ಲಿ ಹುರಿದ ಅವರೆಕಾಳು. ಬಂದವರ ಜೊತೆಯೂ ಇಂಗ್ಲಿಷಿನಲ್ಲೇ ಮಾತಾಡಬೇಕೆನ್ನುವುದು ನಮ್ಮ ಕಾನ್ವೆಂಟಿನ ಕಟ್ಟಳೆ. ಮೊದಲ ಸಲ ಅವಳನ್ನು ಕಂಡಾಗ ನಾನು ಬಾಯಿ ಬಿಡಲಾರದೆ ಸುಮ್ಮನೆ ಕಣ್ಣೀರು ಹಾಕಿದೆ. ಪಕ್ಕದಲ್ಲಿ ಸಿಸ್ಟರ್ ನಿಂತಿದ್ದರು. ಅತ್ತೆ ಅವರ ಕಡೆ ತಿರುಗಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೇಳಿದಳು: "ಯಾನಮ್ಮಾ, ನಮ್ ಕೂಸು ಅಳ್ತಾ ಐತೆ. ಇಂಗ್ಲೀಸಲ್ಲಿ ಎಂಗೆ ಅಳೋದು ಅಂತ ಇನ್ನೂ ಏಳ್ಕೊಟ್ಟಿಲ್ವಾ?" ಸಿಸ್ಟರ್ ನಕ್ಕುಬಿಟ್ಟರು. ಆಮೇಲೆ ಅತ್ತೆ ಬಂದಾಗಲೆಲ್ಲ ನಮ್ಮಿಬ್ಬರನ್ನು ಸಿಲ್ವರ್ ಓಕ್ ಮರದ ಕೆಳಗೆ ಬಿಟ್ಟು ಅವರು ಒಳಗೆ ಹೋಗಿಬಿಡುತ್ತಿದ್ದರು.

ಸಿಟ್ಟು ಬಂದರೆ ಉಸಿರು ಒಳಗೆಳೆದುಕೊಂಡು ಮನಸ್ಸಿನಲ್ಲಿ ಪ್ರಾರ್ಥನೆ ಹೇಳು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ನಾನು ಹಾಗೇ ಬೆಳೆದೆ. ಇವತ್ತಿಗೂ ತರಕಾರಿಯವನು ಕೊಳೆತ ಟೊಮೇಟೊ ಹಾಕಿದರೆ ಸುಮ್ಮನೆ ತಂದು ಮನೆಯಲ್ಲಿ ಆರಿಸಿ ಎಸೆಯುವವಳು ನಾನು. ಅತ್ತೆಯ ಪಾಠ ಬೇರೆ. "ಕೋಪ ನೆಂಟ ಇದ್ದಂಗೆ ಮಗಾ. ಬಂದ ಮ್ಯಾಕೆ ಯಾಕ್ ಬಂದೆ ಅಂತ ಕೇಳು. ಬಂದ ಕೆಲ್ಸ ಮುಗಿಸ್ದೆ ಕಳಿಸ್ಬ್ಯಾಡ." ಅವಳು ರೇಗಿದರೆ ಹಟ್ಟಿಯ ನಾಯಿ ಕೂಡ ಬಾಲ ಮುದುರುತ್ತಿತ್ತು. ಆದರೆ ಆ ಸಿಟ್ಟಿನಲ್ಲಿ ಒಂದು ಸುಳ್ಳು ಮಾತು ಬರುತ್ತಿರಲಿಲ್ಲ.

ತಾತ ಸಾಯುವ ಮುನ್ನ ಉಯಿಲು ಬರೆಸಿದ. ಬಾವಿ, ಹಟ್ಟಿ, ಅದರ ಸುತ್ತಲಿನ ಮೇವಿನ ಹೊಲ ಮಗಳಿಗೆ. ನೀರಾವರಿ ಜಮೀನು, ಊರೊಳಗಿನ ಮನೆ ಗಂಡುಮಕ್ಕಳಿಗೆ. ಒಳ್ಳೆಯ ಭಾಗವೆಲ್ಲ ಗಂಡುಮಕ್ಕಳದ್ದೇ. ಅಪ್ಪ ಮರುಮಾತಾಡದೆ ಒಪ್ಪಿಕೊಂಡ, ಸ್ವಲ್ಪ ಕಾಲಕ್ಕೆ ತೀರಿಯೂ ಹೋದ. ಅಷ್ಟರಲ್ಲಿ ಹಟ್ಟಿಯ ಪಕ್ಕದಲ್ಲೇ ದೊಡ್ಡ ರಸ್ತೆ ಬಂತು. ಯಾರೂ ಮೂಸದಿದ್ದ ಮೇವಿನ ಹೊಲದ ಮೇಲೆ ಚಿಕ್ಕಪ್ಪನ ಕಣ್ಣು ಬಿತ್ತು. ಪ್ರಜ್ಞೆಯಿಲ್ಲದ ಮುದುಕನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾಳೆ, ಉಯಿಲೇ ಪೊಯ್ಯಿ, ಸುಳ್ಳು, ಎಂದು ಸಾರಿದ. ತಾತ ಕೊನೆಯ ದಿನದವರೆಗೂ ಕುರಿಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುತ್ತಿದ್ದ. ಪ್ರಜ್ಞೆ ಇಲ್ಲದ್ದು ಯಾರಿಗೆ ಎಂದು ನಾನು ಕೇಳಬೇಕಿತ್ತು. ಅತ್ತೆಯೇ ಕೇಳಿದಳು, ಕೋರ್ಟಿನಲ್ಲಿ. ತಾತನ ಉಯಿಲು ನಿಜವೆಂದು ಒಪ್ಪಿಕೊಳ್ಳಬೇಕೆಂದು ಧರ್ಮಪುರಿಯಲ್ಲಿ ಅರ್ಜಿ ಹಾಕಿದಳು. ವಾಯಿದೆ ಬಂದಾಗಲೆಲ್ಲ ಹೋಗಿ, ಕೋರ್ಟಿನ ವರಾಂಡದಲ್ಲಿ ಕಂಬದ ಬುಡಕ್ಕೆ ಕೂತು, ಹೆಸರು ಕೂಗಿದ ಕೂಡಲೇ "ಇದ್ದೀನಿ ಸಾಮೀ" ಎಂದು ಎದ್ದು ನಿಲ್ಲುವಳು.

ಈಗ ಹೇಳಬೇಕಾದದ್ದನ್ನು ನಾನು ಹೇಳುತ್ತಿರುವುದು ದುಃಖದಿಂದಲ್ಲ.

ಕುರಿ ಸಾಕುವ ನಮ್ಮವರಲ್ಲಿ ಜಗಳ ತೀರಿಸಲು ಕಂಬಳಿ ಹಾಸುತ್ತಾರೆ. ನಡುವೆ ಕರಿ ಕಂಬಳಿ, ಅದರ ಮೇಲೆ ವೀಳ್ಯ, ಸುತ್ತ ಹಿರಿಯರು. ಮಾತು ಕೊಡುವವರು ಚಪ್ಪಲಿ ಬಿಟ್ಟು ಬಂದು ಉಣ್ಣೆಯ ಮೇಲೆ ಅಂಗೈ ಊರಿ ಹೇಳಬೇಕು. ಹಾಗೆ ಆಡಿದ ಮಾತನ್ನು ಮತ್ತೊಂದು ಕಟ್ಟೆಗೆ ಒಯ್ಯುವಂತಿಲ್ಲ. ಒಯ್ದರೆ ಕಂಬಳಿಯನ್ನು ತುಳಿದ ಹಾಗೆ. ಅಂಥವರ ಮನೆಯ ಬೆಂಕಿಯನ್ನೂ ಯಾರೂ ಮುಟ್ಟುವುದಿಲ್ಲ. ಅತ್ತೆ ಹುಟ್ಟಿದಂದಿನಿಂದ ನಂಬಿದ್ದು ಇದನ್ನು.

ಮುಖ್ಯವಾದ ವಾಯಿದೆಯೊಂದು ಹತ್ತಿರವಿದ್ದಾಗ ಚಿಕ್ಕಪ್ಪ ಹಿರಿಯರನ್ನು ಕರೆದುಕೊಂಡು ಹಟ್ಟಿಗೆ ಬಂದ. ಕಂಬಳಿ ಹಾಸಿಸಿದ. ಅವತ್ತು ಹಬ್ಬದ ಊಟಕ್ಕೆಂದು ಹೋಗಿದ್ದ ನಾನು ಹಟ್ಟಿಯ ಬಾಗಿಲಲ್ಲೇ ನಿಂತಿದ್ದೆ. ಚಿಕ್ಕಪ್ಪನ ಬಿಳಿ ಅಂಗಿಯ ಮೇಲೆ ಇಸ್ತ್ರಿಯ ಮಡಿಕೆ ಇನ್ನೂ ಎದ್ದು ಕಾಣುತ್ತಿತ್ತು. ಹೊಸದಾಗಿ ಹಾಕಿಕೊಂಡು ಬಂದಿದ್ದ. ಅಂಗೈ ಊರಿ, ತಲೆ ತಗ್ಗಿಸಿ, "ಅಕ್ಕಾ, ಅಪ್ಪನ ಉಯಿಲು ನಿಜ. ಅಟ್ಟಿ ನಿಂದು. ಜಮೀನ್ ಪಟ್ಟಾ ನಿನ್ ಎಸರಿಗೆ ನಾನೇ ಮಾಡಿಸ್ಕೊಡ್ತೀನಿ. ಇನ್ನು ಕೋರ್ಟು ಕಚೇರಿ ಬ್ಯಾಡಕ್ಕಾ, ನಮ್ ಮಾನ ಓಯ್ತದೆ," ಎಂದ. ಅತ್ತೆ ಅಳುವವಳಲ್ಲ. ಅವತ್ತು ಅತ್ತಳು. ತಮ್ಮನ ತಲೆ ಮುಟ್ಟಿ ನೆಟಿಗೆ ತೆಗೆದು, "ಬದ್ಕು ಲೇ," ಎಂದಳು. ಹಿರಿಯರು ವೀಳ್ಯ ಹಂಚಿದರು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ಚಿಕ್ಕಪ್ಪ ಇನ್ನೊಂದು ಲೋಟ ಕೇಳಿ ಕುಡಿದ.

ವಾಯಿದೆಯ ದಿನ ಅತ್ತೆ ಕೋರ್ಟಿಗೆ ಹೋಗಲಿಲ್ಲ. ಹೋದರೆ ಕಂಬಳಿಗೆ ಅವಮಾನ. ವಕೀಲರಿಗೆ ಹೇಳಿಕಳಿಸುವುದೂ ಬೇಕೆನಿಸಲಿಲ್ಲ. ಇಬ್ಬರು ಒಪ್ಪಿದ ಮೇಲೆ ಮೂರನೆಯವರಿಗೆ ಹೇಳುವುದೇನು ಎಂಬುದು ಅವಳ ಲೆಕ್ಕ. ಹಟ್ಟಿಯಲ್ಲಿ ಕುರಿಗಳ ಗೊರಸು ಕತ್ತರಿಸುತ್ತ ಕೂತಿದ್ದಳು. ಚಿಕ್ಕಪ್ಪ ಮಾತ್ರ ಬೆಳಗಿನ ಬಸ್ಸಿಗೇ ಧರ್ಮಪುರಿಗೆ ಹೋಗಿ ತನ್ನ ವಕೀಲನ ಹಿಂದೆ ನಿಂತಿದ್ದ. ಅತ್ತೆಯ ಹೆಸರು ಕೂಗಿದರು. ಮತ್ತೆ ಕೂಗಿದರು. ಅವಳು ಬರಲಿಲ್ಲ, ಅವಳ ವಕೀಲರೂ ಆ ಹೊತ್ತಿಗೆ ಬೇರೆ ಕೋರ್ಟಿನಲ್ಲಿದ್ದರು. ಅರ್ಜಿ ವಜಾ ಆಯಿತು. ನಮ್ಮ ಕಡೆ ಬಾಯಲ್ಲಿ ಅದಕ್ಕೆ ತಳ್ಳುಪಡಿ ಎನ್ನುತ್ತಾರೆ.

ಅತ್ತೆಗೆ ಇದನ್ನು ಯಾರೂ ಹೇಳಲಿಲ್ಲ. ಪಟ್ಟಾ ಏನಾಯಿತೆಂದು ಕೇಳಿದಾಗಲೆಲ್ಲ ಚಿಕ್ಕಪ್ಪ, ಆಫೀಸಿನಲ್ಲಿ ಸರ್ವೇಯರ್ ಇಲ್ಲ, ಕಂಪ್ಯೂಟರ್ ಕೆಟ್ಟಿದೆ ಎಂದು ತಳ್ಳುತ್ತ ಬಂದ. ಕೊನೆಗೆ ಹೇಳಿದ್ದು ಒಂದು ಮರಿ. ಒಂದು ಸಂಜೆ ಮೇವಿನಿಂದ ಬಂದ ಮರಿಯ ಪಕ್ಕೆಯ ಮೇಲೆ ಹಳದಿ ಬಣ್ಣ ಬಳಿದಿತ್ತು, ಇನ್ನೂ ಹಸಿ. ಯಾವ ಗಿಡದ ಬಣ್ಣ ಇದು ಎಂದು ಅತ್ತೆ ಮರಿಯ ಹಿಂದೆಯೇ ಹೊಲದ ತುದಿಗೆ ಹೋದಳು. ಸೈಟುಗಳ ಕಲ್ಲುಗಳು, ಸಾಲಾಗಿ, ತಲೆಗೆ ಹಳದಿ ಬಳಿಸಿಕೊಂಡು ನಿಂತಿದ್ದವು. ಮರಿ ಮೈ ತುರಿಸಿಕೊಂಡಿದ್ದ ಕಲ್ಲಿನ ಬಣ್ಣ ಒಂದು ಕಡೆ ಅಳಿಸಿತ್ತು.

ಅಲ್ಲಿಂದ ನೇರ ಚಿಕ್ಕಪ್ಪನ ಮನೆಯ ಜಗುಲಿಗೆ ಹೋದಳಂತೆ. ಅವನು ಮೊಬೈಲಿನಿಂದ ತಲೆಯೆತ್ತದೆ ಹೇಳಿದ ಮಾತನ್ನು ಅವಳು ನನಗೆ ಹೇಳಿದಳು, ನಾನು ಯಾರಿಗೆ ಹೇಳಿದರೂ ಅದೇ ಮಾತನ್ನು ಹೇಳುತ್ತೇನೆ: "ನಾನೇನ್ ಮಾಡ್ಲಿ ಅಕ್ಕಾ? ನೀನು ಓಗಲಿಲ್ಲ, ಕೋರ್ಟು ತಳ್ಬುಡ್ತು."

ಹಿರಿಯರ ಮನೆಗಳಿಗೆ ಹೋದಳು. ಕಂಬಳಿಯನ್ನು ತಮ್ಮ ಕೈಯಾರೆ ಮಡಿಸಿದ್ದವರು. ಒಬ್ಬರು ಹೊಲಕ್ಕೆ ಹೋಗಿದ್ದರು, ಒಬ್ಬರಿಗೆ ಕಣ್ಣು ಮಂಜು, ಮತ್ತೊಬ್ಬರು ನಿದ್ದೆಯಲ್ಲಿದ್ದರು. ಎಚ್ಚರವಿದ್ದ ಒಬ್ಬರು ಅಂದರು: "ಅಣ್ತಮ್ಮ ಅಕ್ತಂಗೀರ ಇಚಾರ, ನಾವು ನಡುವೆ ಬರಾಕಿಲ್ಲ ತಾಯಿ." ನಡುವೆ ಕೂತು ವೀಳ್ಯ ಮೆದ್ದದ್ದು ನೆನಪಾಗಲಿಲ್ಲ. ಇಂಥವರ ಕಾಲಿಗೆ ನಾನು ಚಿಕ್ಕಂದಿನಿಂದ ಬಿದ್ದಿದ್ದೇನೆ.

ಧರ್ಮಪುರಿಯ ಅವಳ ವಕೀಲರು ವಯಸ್ಸಾದವರು, ಕೆಟ್ಟವರಲ್ಲ. ಅವರು ದಿನವೂ ಮಾಡುವ ಉಪಾಯವನ್ನೇ ಹೇಳಿದರು. "ಆವತ್ತು ನಿಮಗೆ ಜ್ವರ, ಆಮೇಲೆ ಕಾಮಾಲೆ ಆಯ್ತು ಅಂತ ಬರೆಯೋಣ. ಡಾಕ್ಟರ್ ಸರ್ಟಿಫಿಕೇಟ್ ನಾನು ತರಿಸ್ತೀನಿ. ಎಲ್ಲರೂ ಹಾಗೇ ಮಾಡೋದು."

"ನಂಗೆ ಜರ ಬಂದಿರ್ಲಿಲ್ಲ," ಎಂದಳು ಅತ್ತೆ.

"ಅದು ನನಗೂ ಗೊತ್ತು ಅಮ್ಮಾ. ಕಾಗದಕ್ಕೆ ಒಂದು ಕಾರಣ ಬೇಕಲ್ಲ."

"ಸುಳ್ಳೇಳ್ದೋನು ಅವ್ನು. ನಾನ್ ಯಾಕೆ ಏಳ್ಲಿ? ಇಬ್ರೂ ಸುಳ್ಳೇಳಿದ್ರೆ ಆ ಜಡ್ಜು ಯಾರ್ ಮಕ ನೋಡಿ ನಂಬ್ಬೇಕು?"

ಎದ್ದು ಬಂದುಬಿಟ್ಟಳು. ಮಾರನೆಯ ದಿನ ಸೇಲಂನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ವಕೀಲಮ್ಮ ಇದ್ದಾರೆ. ಅವರ ಮಗಳೂ ನನ್ನ ಮಗಳೂ ಒಂದೇ ಕ್ಲಾಸಿನಲ್ಲಿ ಓದಿದವರು. ಅವರಲ್ಲಿಗೆ ಕರೆದುಕೊಂಡು ಹೋದೆ. ತಳ್ಳಿಹೋದ ಅರ್ಜಿಯನ್ನು ಮತ್ತೆ ಹಾಕಬಹುದೇ ಎಂದು ನಾನು ಕೇಳಿದೆ. ಉತ್ತರಕ್ಕೆ ಬದಲು ಅವರೇ ಒಂದು ಪ್ರಶ್ನೆ ಕೇಳಿದರು: "ಕೇಳಿ ತಳ್ಳಿದರೋ, ಕೇಳದೆ ತಳ್ಳಿದರೋ?"

ನಮಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಎರಡೂ ಕಡೆಯ ಸಾಕ್ಷಿ ಕೇಳಿ, ಉಯಿಲು ನೋಡಿ, ಇದು ನಿಜವಲ್ಲ ಎಂದು ತೀರ್ಪು ಕೊಟ್ಟಿದ್ದರೆ ಅದೇ ಅರ್ಜಿಯನ್ನು ಮತ್ತೆ ತರುವಂತಿಲ್ಲ. ಮೇಲಿನ ಕೋರ್ಟಿಗೇ ಹೋಗಬೇಕು. ಇಲ್ಲಿ ಹಾಗಾಗಿಲ್ಲ. ಕೂಗಿದಾಗ ಆಳಿರಲಿಲ್ಲವೆಂದು ತಳ್ಳಿದ್ದಾರೆ. ಉಯಿಲನ್ನು ಯಾರೂ ಬಿಚ್ಚಿ ನೋಡಿಲ್ಲ. ಇಂಥ ಅರ್ಜಿಯನ್ನು ಹೊಸದಾಗಿಯೇ ಹಾಕಬಹುದು ಎನ್ನುವ ತೀರ್ಪುಗಳೂ ಇವೆ, ಆದರೆ ಅದರ ಮೇಲೆ ವಾದ ಬೆಳೆಯುತ್ತದೆ. ಅದೇ ಕೋರ್ಟಿಗೆ ಹೋಗಿ ಹಳೆಯದನ್ನೇ ಎಬ್ಬಿಸಿಕೊಡಿ ಎಂದು ಕೇಳುವುದು ಗಟ್ಟಿ. ಅದನ್ನು ತಿಂಗಳೊಳಗೆ ಕೇಳಬೇಕಿತ್ತು. ಈಗ ತಡವಾಗಿದೆ, ಯಾಕೆ ಬರಲಿಲ್ಲ, ಯಾಕೆ ತಡವಾಯಿತು, ಎರಡಕ್ಕೂ ಕಾರಣ ಕೊಡಬೇಕು. ನಂಬುವುದು ಬಿಡುವುದು ಜಡ್ಜಿಗೆ ಬಿಟ್ಟದ್ದು.

ಅತ್ತೆ ಸೀರೆಯ ಸೆರಗಿನಿಂದ ಮೊಣಕಾಲು ಉಜ್ಜಿಕೊಳ್ಳುತ್ತ ಕೇಳುತ್ತಿದ್ದಳು. "ಅಂಗಂದ್ರೆ ಉಣ್ಣಾಕೆ ಕೂತೋಳ್ನ ಎಬ್ಬಿಸಿ ಕಳಿಸಿಲ್ಲ. ಪಂಕ್ತೀಗೆ ಕರ್ದಾಗ ನಾ ಬರ್ಲಿಲ್ಲ, ಅಷ್ಟೇಯ."

"ಅದೇ ಅಮ್ಮಾ," ಎಂದು ವಕೀಲಮ್ಮ ನಕ್ಕರು. "ಆದರೆ ಕಂಬಳಿಯ ವಿಷಯ ಬರೆದರೆ ಆ ಕಡೆಯವರು ನಗಾಡಬಹುದು."

"ನಗ್ಲಿ ಬುಡಿ. ನಗೋರು ಸುಳ್ಳು ಅನ್ನಾಕೆ ಆಗಾಕಿಲ್ಲವಲ್ಲ."

ಆದರೂ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಮುಂಚೆ ಅವಳ ಕೈ ತಡೆಯಿತು. ಕಂಬಳಿಯ ಮಾತನ್ನು ಬೇರೆ ಕಟ್ಟೆಗೆ ಒಯ್ಯಬಾರದು. ಈಗ ಒಯ್ಯುತ್ತಿರುವವಳು ತಾನು. ಊರಲ್ಲಿ ಬೆಂಕಿ ಕೊಡುವುದಿಲ್ಲ, ಸತ್ತರೆ ಹೊರುವವರೂ ಬರುವುದಿಲ್ಲ. ಮೋಸ ಮಾಡಿದವನು ತಲೆಯೆತ್ತಿ ತಿರುಗುತ್ತಿದ್ದ, ಮೋಸ ಹೋದವಳು ಕಟ್ಟಳೆ ಮುರಿದೆನಾ ಎಂದು ಹೆದರುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಕಂಬ್ಳೀನ ಒಲಸು ಮಾಡ್ದೋನು ಅವ್ನು. ನಾನು ಒಗಿಯಾಕೆ ಓಯ್ತಾ ಇದ್ದೀನಿ," ಎಂದು ಹೆಬ್ಬೆಟ್ಟನ್ನು ಶಾಯಿಯಲ್ಲಿ ಒತ್ತಿದಳು.

ವಕೀಲಮ್ಮ ಹೇಳಿದಂತೆಯೇ ಆಯಿತು. ಕೋರ್ಟಿನಲ್ಲಿ ಚಿಕ್ಕಪ್ಪನ ವಕೀಲ ಆ ಸಾಲುಗಳನ್ನು ರಾಗವೆಳೆದು ಓದಿದ. "ಕಂಬಳಿಯಂತೆ! ಕಂಬಳಿ ಹೇಳಿತು, ಅಮ್ಮ ಬರಲಿಲ್ಲ!" ಹಿಂದೆ ಕೂತ ಕರಿಕೋಟಿನವರೆಲ್ಲ ನಕ್ಕರು. ಅವನು ಇನ್ನೂ ಒಂದು ಹೇಳಿದ: ಹಟ್ಟಿಯಲ್ಲಿ ಮಾತುಕತೆಯೇ ನಡೆದಿಲ್ಲ, ಎಲ್ಲ ಕಟ್ಟುಕತೆ. ಅತ್ತೆ ಕಂಬದ ಹಾಗೆ ನಿಂತಿದ್ದಳು. ನಾನು ನನ್ನ ಪರ್ಸಿನ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಹೊಲಿಗೆ ಬಿಟ್ಟುಹೋಯಿತು.

ಜಡ್ಜ್ ನಗಲಿಲ್ಲ. ಚಿಕ್ಕಪ್ಪನನ್ನು ಮುಂದೆ ಕರೆದು ತಮಿಳಿನಲ್ಲಿ ಕೇಳಿದರು: ಇವರ ಹಟ್ಟಿಗೆ ನೀವು ಹೋಗಿದ್ದಿರಾ? ವಕೀಲ ಎದ್ದ, ನೀವು ಕೂತ್ಕೊಳ್ಳಿ ಎಂದರು. ಚಿಕ್ಕಪ್ಪ ಒಮ್ಮೆ ಅಕ್ಕನ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಕಂಬಳಿಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದವನಿಗೆ, ಕೈಯಿಡಲೇ ಇಲ್ಲ ಎನ್ನುವ ಧೈರ್ಯ ಬರಲಿಲ್ಲ. "ಓಗಿದ್ದೆ ಅಯ್ಯಾ... ಸುಮ್ನೆ ಮನೆ ಮಾತು ಆಡಿದ್ವಿ," ಎಂದ.

ಸುಮ್ಮನೆ ಮನೆ ಮಾತು. ಇದಕ್ಕಿಂತ ಆ ಕರಿಕೋಟಿನವರ ನಗುವೇ ವಾಸಿಯಿತ್ತು.

ಆದರೆ ಆ ಮಾತೇ ಸಾಕಾಯಿತು. ಮಾತುಕತೆ ನಡೆದದ್ದು ನಿಜ, ಓದುಬರಹವಿಲ್ಲದ ಹೆಂಗಸು ಅದನ್ನು ನಂಬಿದ್ದು ಸಹಜ ಎಂದು ಹೇಳಿ ಅರ್ಜಿಯನ್ನು ಮತ್ತೆ ತೆಗೆದುಕೊಂಡರು. ಇದು ಗೆಲುವಲ್ಲ, ಬಾಗಿಲು ತೆರೆದದ್ದಷ್ಟೆ ಎಂದು ವಕೀಲಮ್ಮ ಎಚ್ಚರಿಸಿದರು. ಅತ್ತೆಗೆ ಅಷ್ಟೇ ಸಾಕಾಗಿತ್ತು. ಮುಂದಿನ ವಾಯಿದೆಗಳಲ್ಲಿ ಒಂದು ದಿನ ಕಟಕಟೆ ಹತ್ತಿ, ತನ್ನ ಅಪ್ಪ ಯಾವಾಗ ಏನು ಹೇಳಿ ಉಯಿಲು ಬರೆಸಿದನೆಂದು ನಿಂತೇ ಹೇಳಿದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಕೂತ್ಕಂಡ್ರೆ ನಂಗೆ ಮಾತು ಮರ್ತೋಯ್ತದೆ ಸಾಮೀ." ಅವತ್ತು ಹೊರಗೆ ಬಂದು ಟೀ ಅಂಗಡಿಯಲ್ಲಿ ವಡೆ ತಿನ್ನುತ್ತ, "ವಡೆ ಬಲೇ ಗಟ್ಟಿ, ಆ ವಕ್ಕೀಲನ ತಲೆಗೆ ಒಡೀಬೋದು," ಎಂದು ನಗಿಸಿದಳು.

ತೀರ್ಪು ಬರುವ ಮೊದಲೇ ಅವಳು ಹೋದಳು. ಬೆಳಗ್ಗೆ ಹಟ್ಟಿಯ ಗೇಟು ತೆಗೆದಿರಲಿಲ್ಲ, ಕುರಿಗಳು ಒಳಗೇ ಕೂಗುತ್ತಿದ್ದವು, ದಾರಿಹೋಕರು ಇಣುಕಿ ನೋಡಿದರು. ನಾನು ಸೇಲಂನಿಂದ ಹೋಗುವಷ್ಟರಲ್ಲಿ ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ. ಹಿರಿಯರೂ ಬಂದಿದ್ದರು, ಮಂಜುಗಣ್ಣಿನವರಿಗೆ ಅವತ್ತು ದಾರಿ ಚೆನ್ನಾಗಿ ಕಂಡಿತ್ತು. ಮಣ್ಣು ಮಾಡಿ ಬಂದ ಕೈಯನ್ನು ಇನ್ನೂ ಯಾರೂ ತೊಳೆದಿರಲಿಲ್ಲ, ಒಬ್ಬರು ಶುರುಮಾಡಿದರು: "ಸತ್ತೋರ ಜತೇಲಿ ಹಗೇನೂ ಮಣ್ಣಾಗ್ಬೇಕವ್ವಾ. ಕೇಸು ಇನ್ನು ಯಾರಿಗೋಸ್ಕರ?" ನೆಂಟರ ವಾಟ್ಸಾಪ್ ಗುಂಪಿನಲ್ಲಿ ಅವತ್ತೇ ಅತ್ತೆಯ ಫೋಟೋ, ಕೈ ಮುಗಿದ ಚಿತ್ರಗಳು, ಅದರ ಕೆಳಗೆ ಚಿಕ್ಕಪ್ಪನ ಮಗನ ಸಂದೇಶ: ಅತ್ತೆಯ ಆತ್ಮಕ್ಕೆ ಶಾಂತಿ ಸಿಗಲು ಎಲ್ಲ ವ್ಯಾಜ್ಯಗಳೂ ಇಲ್ಲಿಗೆ ಮುಗಿಯಲಿ. ಅದಕ್ಕೂ ಹೆಬ್ಬೆಟ್ಟೆತ್ತಿ ಒಪ್ಪಿಗೆ ಸೂಚಿಸಿದವರು ಎಷ್ಟೊಂದು ಜನ! ಅವಳ ಶಾಂತಿಯ ಬಗ್ಗೆ ಇವರಿಗೆ ಇಷ್ಟೊಂದು ಕಾಳಜಿ ಇತ್ತೆಂದು ಅವಳು ಬದುಕಿದ್ದಾಗ ಗೊತ್ತಾಗಲಿಲ್ಲ.

ಅರ್ಜಿದಾರಳು ಸತ್ತರೆ ಅರ್ಜಿಯೂ ಸತ್ತಂತೆ ಎಂದು ಚಿಕ್ಕಪ್ಪ ಅಲ್ಲಲ್ಲಿ ಹೇಳಿಕೊಂಡು ತಿರುಗಿದ. ವಕೀಲಮ್ಮನನ್ನು ಕೇಳಿದೆ. ಅವಳ ಜಾಗದಲ್ಲಿ ನಿಲ್ಲುವ ಹಕ್ಕಿರುವವರು ಹೊತ್ತಿಗೆ ಸರಿಯಾಗಿ ಮುಂದೆ ಬರದಿದ್ದರೆ ಹಾಗಾಗುವುದುಂಟು ಎಂದರು. ಅಪ್ಪನ ಮಗಳಾದ್ದರಿಂದ ವಾರಸುದಾರರಲ್ಲಿ ನಾನೂ ಒಬ್ಬಳು. ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ಯಜಮಾನರಿಗೆ ಹೇಳಿದೆ. "ನೀನಾ? ಕೋರ್ಟಿಗಾ?" ಎಂದರು. ಮತ್ತೆ ನನ್ನ ಮುಖ ನೋಡಿ, "ಬೆಳಗಿನ ಬಸ್ಸಿಗೆ ನಾನೇ ಬಿಡ್ತೀನಿ," ಎಂದರು. ಊರಿನವರು ಅಂದದ್ದು ಬೇರೆ. ಕಾನ್ವೆಂಟಲ್ಲಿ ಓದಿದವಳಿಗೂ ಭೂಮಿಯ ಆಸೆ ಬಿಟ್ಟಿಲ್ಲವಂತೆ. ಅನ್ನಲಿ. ಆ ಹೊಲದಲ್ಲಿ ಒಂದು ಹಿಡಿ ಮಣ್ಣು ನನಗೆ ಬೇಡ. ಆದರೆ ಅವಳು ಸುಳ್ಳು ಉಯಿಲು ಮಾಡಿಸಿಕೊಂಡವಳು ಎಂಬ ಮಾತು ಊರಲ್ಲಿ ಉಳಿಯಬಾರದು. ಏರ್ಕಾಡಿನ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ನನಗಾಗಿ ಬಂದವಳ ಹೆಸರದು.

ನನ್ನ ಮೊದಲ ವಾಯಿದೆಯ ದಿನ ವರಾಂಡದಲ್ಲಿ ಚಿಕ್ಕಪ್ಪ ಎದುರಾದ. ಪಕ್ಕದಲ್ಲಿ ಅವನ ಮಗ. ಚಿಕ್ಕಪ್ಪ ತುಂಬ ಮೆತ್ತಗೆ, ಮನೆಯಲ್ಲಿ ಮಾತಾಡುವ ಹಾಗೆ, ಬಾಗಿಲಿಗೆ ಅಡ್ಡವಾಗಿ ನಿಂತು ಹೇಳಿದ: "ಸೇಲಂನಲ್ಲಿ ತಣ್ಣಗಿರೋದು ಬುಟ್ಟು ನಿಂಗ್ಯಾಕವ್ವಾ ಇದೆಲ್ಲ? ಬಾ, ಅಲ್ಲಿ ಮರದ ಕೆಳಗೆ ಕೂತು ಮಾತಾಡಾಣ. ಮಾತಾಡಿದ್ರೆ ತೀರಾಕಿಲ್ವಾ?"

ಒಳಗಿನಿಂದ ಕೂಗು ಕೇಳಿಸಿತು. ಮೊದಲು ಅತ್ತೆಯ ಹೆಸರು, ಅದರ ಹಿಂದೆಯೇ ನನ್ನದು.

"ದಾರಿ ಬಿಡಿ ಚಿಕ್ಕಪ್ಪಾ," ಎಂದೆ. "ನಮ್ಮನ್ನು ಕೂಗ್ತಿದ್ದಾರೆ."